ಗುಪ್ತಪದ ಬದಲಾದ ಮೇಲೂ ಉಳಿಯುವ ಕೀಲಿ

ಗಡಿಭಾಗದ ಕನ್ನಡ ಮಾಧ್ಯಮ ಹೈಸ್ಕೂಲೊಂದರ ರಕ್ಷಕ-ಶಿಕ್ಷಕ ಸಂಘದ ಸದಸ್ಯೆಯೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಶಾಲೆಯ ವಿಜ್ಞಾನ ಸಂಘವು ಕಂಪ್ಯೂಟರ್ ಕೊಠಡಿಯ ಐದು ಯಂತ್ರಗಳನ್ನು ‘ಐನ್‌ಸ್ಟೈನ್ ಅಟ್ ಹೋಮ್’ ಮತ್ತು ‘ರೊಸೆಟ್ಟಾ ಅಟ್ ಹೋಮ್’ ಎಂಬ ಎರಡು ವೈಜ್ಞಾನಿಕ ಯೋಜನೆಗಳಿಗೆ ಜೋಡಿಸಿದೆ. ಯಂತ್ರಗಳು ಬಿಡುವಾಗಿರುವ ಹೊತ್ತಿನಲ್ಲಿ ಆ ಯೋಜನೆಗಳ ಲೆಕ್ಕಾಚಾರವನ್ನು ಮಾಡಿಕೊಡುತ್ತವೆ. ಖಾತೆಯನ್ನು ತೆರೆದ ಅಧ್ಯಾಪಕರು ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಖಾತೆ ಇರುವುದು ಅವರ ಸ್ವಂತ ಇಮೇಲ್ ವಿಳಾಸದಲ್ಲಿ. ಗುಪ್ತಪದವಾದರೋ ಶಾಲೆ ಬಿಟ್ಟುಹೋದ ನಾಲ್ಕಾರು ವಿದ್ಯಾರ್ಥಿಗಳಿಗೂ ಗೊತ್ತು. ಅವರಲ್ಲಿ ಕೆಲವರು ತಮ್ಮ ಮನೆಯ ಕಂಪ್ಯೂಟರನ್ನೂ ಅದೇ ಖಾತೆಗೆ ಸೇರಿಸಿದ್ದಾರೆ. ‘ಗುಪ್ತಪದವನ್ನು ಬದಲಿಸಿಬಿಟ್ಟರೆ ಸಾಕಲ್ಲವೇ?’ ಎಂಬುದು ಸೋದರಿಯ ಪ್ರಶ್ನೆ.

ಸಾಲದು ಎಂಬುದೇ ಉತ್ತರ. ಕಾರಣವನ್ನು ತಿಳಿಯಬೇಕಾದರೆ ಈ ವ್ಯವಸ್ಥೆಯ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು.

1999ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯು ‘ಸೆಟಿ ಅಟ್ ಹೋಮ್’ ಎಂಬ ಯೋಜನೆಯನ್ನು ಆರಂಭಿಸಿತು. ಭೂಮಿಯಾಚೆಗೆ ಬುದ್ಧಿಜೀವಿಗಳಿದ್ದರೆ ಅವರ ಸಂಕೇತವೇನಾದರೂ ರೇಡಿಯೊ ದೂರದರ್ಶಕದ ದತ್ತಾಂಶದಲ್ಲಿ ಅಡಗಿದೆಯೇ ಎಂದು ಹುಡುಕುವ ಕೆಲಸವನ್ನು ಚೂರುಚೂರಾಗಿಸಿ ಲೋಕದ ಮನೆಮನೆಯ ಕಂಪ್ಯೂಟರುಗಳಿಗೆ ಹಂಚಿದರು. ಆ ಯೋಜನೆ 2020ರ ಮಾರ್ಚ್ 31ರಂದು ಕೆಲಸ ಹಂಚುವುದನ್ನು ನಿಲ್ಲಿಸಿತು. ಆದರೆ ಅದರ ಬಳಗದಲ್ಲೇ ರೂಪುಗೊಂಡ ‘ಬೋಯಿಂಕ್’ ಎಂಬ ಮುಕ್ತ ತಂತ್ರಾಂಶದ ಮೇಲೆ ಇನ್ನೂ ಹಲವು ಯೋಜನೆಗಳು ನಡೆದಿವೆ. ರೊಸೆಟ್ಟಾ ಯೋಜನೆ ಹುಟ್ಟಿದ್ದು ಪ್ರೊಟೀನುಗಳ ವಿನ್ಯಾಸಕ್ಕಾಗಿ 2024ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದ ಡೇವಿಡ್ ಬೇಕರ್ ಅವರ ಪ್ರಯೋಗಾಲಯದಲ್ಲಿ. ನಮ್ಮ ಮಕ್ಕಳು ಕೈಜೋಡಿಸಿರುವುದು ಸಣ್ಣ ಕಾರ್ಯಕ್ಕಲ್ಲ. ದೊರೆಯುವ ಪ್ರತಿಫಲ ಅಂಕಗಳು ಮಾತ್ರ. ಅದಕ್ಕೆ ಹಣದ ಬೆಲೆಯಿಲ್ಲ. ಹಣವಿಲ್ಲವೆಂಬ ಕಾರಣದಿಂದಲೇ ಕೀಲಿಯ ವಿಚಾರದಲ್ಲಿ ಉದಾಸೀನ ಬೆಳೆಯುತ್ತದೆ.

ಬೋಯಿಂಕ್ ಖಾತೆಯೊಂದಕ್ಕೆ ಇಮೇಲ್ ವಿಳಾಸ, ಗುಪ್ತಪದ ಎಂಬ ಎರಡಲ್ಲದೆ ಮೂರನೆಯದೊಂದಿದೆ. ಅದು ಖಾತೆಯ ಕೀಲಿ: ಅಂಕಿ-ಅಕ್ಷರಗಳು ಬೆರೆತ 32 ಚಿಹ್ನೆಗಳ ಒಂದು ಸಾಲು. ಖಾತೆ ಹುಟ್ಟಿದ ದಿನವೇ ಅದೂ ಹುಟ್ಟುತ್ತದೆ. ಯಾವುದೇ ಕಂಪ್ಯೂಟರನ್ನು ಇಮೇಲ್ ಮತ್ತು ಗುಪ್ತಪದ ಕೊಟ್ಟು ಜೋಡಿಸಿದಾಗ ಯೋಜನೆಯ ಕೇಂದ್ರವು ಈ ಕೀಲಿಯನ್ನು ಆ ಯಂತ್ರಕ್ಕೆ ಕಳುಹಿಸುತ್ತದೆ. ಯಂತ್ರವು ಅದನ್ನು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ವ್ಯವಹಾರವೆಲ್ಲ ಆ ಕೀಲಿಯಿಂದಲೇ. ಗುಪ್ತಪದ ಬದಲಾದರೂ ಕೀಲಿ ಬದಲಾಗುವುದಿಲ್ಲ. ಆದುದರಿಂದಲೇ, ಗುಪ್ತಪದ ಬದಲಿಸಿದ ಮರುದಿನವೂ ಜೋಡಿಸಿದ ಯಂತ್ರಗಳೆಲ್ಲ ಏನೂ ಆಗದಂತೆ ಕೆಲಸ ಮುಂದುವರಿಸುತ್ತವೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಏಕೆಂದರೆ ಕೀಲಿಯನ್ನು ಬಲ್ಲವನು ಗುಪ್ತಪದವಿಲ್ಲದೆಯೂ ಖಾತೆಯೊಳಕ್ಕೆ ಬರಬಲ್ಲನು. ಹಳೆಯ ವಿದ್ಯಾರ್ಥಿಗಳ ಮನೆಯ ಯಂತ್ರಗಳಲ್ಲಿ ಆ ಕಡತ ಇದೆ. ಶಾಲೆಯು ಗುಜರಿಗೆ ಹಾಕುವ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿಯೂ ಇರುತ್ತದೆ.

ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ ಖಾತೆಯ ಕೀಲಿಯು ಸರ್ವಾಧಿಕಾರ ಕೊಡುವ ಸಾಮಾನ್ಯ ಮುಕ್ತ್ಯಾರು ಪತ್ರದಂತೆ. ಮುಕ್ತ್ಯಾರನ್ನು ರದ್ದುಪಡಿಸಿದರೂ, ಆ ವಿಷಯ ಮೂರನೆಯವರಿಗೆ ತಿಳಿಯುವ ತನಕ ಅವರ ಮಟ್ಟಿಗೆ ರದ್ದತಿ ಜಾರಿಗೆ ಬರುವುದಿಲ್ಲವೆಂದು 1872ರ ಕರಾರು ಕಾಯಿದೆಯ 208ನೇ ಕಲಮು ಹೇಳುತ್ತದೆ. ಇಲ್ಲಿನ ಮೂರನೆಯವರು ಬರ್ಕ್ಲಿಯಿಂದ ಹೊರಟ ಒಂದು ತಂತ್ರಾಂಶ. ನಮ್ಮ ಅಧ್ಯಾಪಕರು ನಿವೃತ್ತರಾದ ಸುದ್ದಿ ಅದಕ್ಕೆ ಯಾರು ಹೇಳಬೇಕು!

ಸೀಮಿತ ಅಧಿಕಾರದ ವಿಶೇಷ ಮುಕ್ತ್ಯಾರಿನಂತಹ ಕೀಲಿಯೂ ಅಲ್ಲಿ ಉಂಟು. ‘ದುರ್ಬಲ ಕೀಲಿ’ ಎಂದು ಅದಕ್ಕೆ ಹೆಸರು. ಖಾತೆಯ ಪುಟದಲ್ಲಿ ಅದು ದೊರೆಯುತ್ತದೆ. ಯಂತ್ರದಲ್ಲಿ ಇಡಬೇಕಾದ ಕಡತದ ಪಾಠವನ್ನೂ ಆ ಪುಟವೇ ಕೊಡುತ್ತದೆ. ದುರ್ಬಲ ಕೀಲಿಯಿಂದ ಯಂತ್ರವನ್ನು ಜೋಡಿಸಿ ದುಡಿಸಬಹುದು, ಆದರೆ ಖಾತೆಯನ್ನು ಪ್ರವೇಶಿಸಲಾಗಲಿ ಅದರಲ್ಲಿ ಏನನ್ನಾದರೂ ಬದಲಿಸಲಾಗಲಿ ಆಗದು. ಹತ್ತಾರು ಮಕ್ಕಳು ಮುಟ್ಟುವ ಶಾಲೆಯ ಯಂತ್ರಕ್ಕೆ ಇದೇ ತಕ್ಕುದು. ಗುಪ್ತಪದ ಬದಲಾದೊಡನೆ ದುರ್ಬಲ ಕೀಲಿ ಮಾತ್ರ ತಾನಾಗಿ ಸಾಯುತ್ತದೆ. ರದ್ದತಿ ನಿಜವಾಗಿ ಜಾರಿಗೆ ಬರುವುದು ಇಲ್ಲಿ. ಮೊದಲೇ ಹೀಗೆ ಜೋಡಿಸಿದ್ದರೆ ಸೋದರಿಯ ಪ್ರಶ್ನೆಗೆ ‘ಸಾಕು’ ಎಂದೇ ಉತ್ತರಿಸಬಹುದಿತ್ತು.

ಇನ್ನು ಇಮೇಲ್ ವಿಳಾಸದ ವಿಚಾರ. ಗುಪ್ತಪದ ಮರೆತಾಗ ಹೊಸದನ್ನು ಪಡೆಯುವ ದಾರಿ ಆ ವಿಳಾಸದ ಮೂಲಕವೇ ಹಾದುಹೋಗುವುದರಿಂದ, ವಿಳಾಸ ಯಾರದೋ ಖಾತೆ ಅವರದು ಎಂದೇ ತಿಳಿಯಬೇಕು. ಅಧ್ಯಾಪಕರು ಇನ್ನೂ ಶಾಲೆಯಲ್ಲಿರುವಾಗಲೇ, ಅವರ ಸಮ್ಮುಖದಲ್ಲಿ, ವಿಳಾಸವನ್ನು ಶಾಲೆಯ ಅಧಿಕೃತ ಇಮೇಲಿಗೆ ಬದಲಿಸತಕ್ಕದ್ದು. ಬದಲಿಸುವಾಗ ಗುಪ್ತಪದವನ್ನು ಕೇಳುತ್ತದೆ. ಬೋಯಿಂಕ್ ಗುಪ್ತಪದವನ್ನು ಇದ್ದಂತೆ ಸಂಗ್ರಹಿಸದೆ ಇಮೇಲ್ ವಿಳಾಸದೊಡನೆ ಬೆಸೆದ ಸಂಕೇತವಾಗಿ ಇಡುವುದರಿಂದ, ಒಂದು ಬದಲಾದರೆ ಸಂಕೇತವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಎರಡು ಯೋಜನೆಗಳಲ್ಲಿಯೂ ಒಂದೇ ದಿನ ಬದಲಾವಣೆ ಮಾಡುವುದು ಒಳ್ಳೆಯದು. ಬೇರೆ ಬೇರೆ ಯೋಜನೆಗಳ ಖಾತೆಗಳು ಒಬ್ಬರವೇ ಎಂದು ಗುರುತಿಸುವುದು ಒಂದೇ ಇಮೇಲ್ ವಿಳಾಸದ ಆಧಾರದಿಂದ. ಒಂದರಲ್ಲಿ ಬದಲಿಸಿ ಇನ್ನೊಂದರಲ್ಲಿ ಬಿಟ್ಟರೆ ಮಕ್ಕಳ ಒಟ್ಟು ಅಂಕ ಎರಡು ಹೋಳಾಗಿ ಕಾಣುವುದು. ಹೊಸ ಗುಪ್ತಪದ, ಆಮೇಲೆ ಹೊಸ ದುರ್ಬಲ ಕೀಲಿ, ಇವು ವಿಳಾಸದ ಕೆಲಸ ಮುಗಿದ ಮೇಲೆ.

ಹಳೆಯ ವಿದ್ಯಾರ್ಥಿಗಳನ್ನು ಅಪರಾಧಿಗಳಂತೆ ನೋಡಬೇಕಾಗಿಲ್ಲ. ಇನ್ನೊಬ್ಬರ ಗುಪ್ತಪದವನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಲ್ಲಿ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ ಇದೆ. ಆದರೆ ಅಧ್ಯಾಪಕರೇ ಕೊಟ್ಟ ಗುಪ್ತಪದದಿಂದ ಮನೆಯ ಯಂತ್ರವನ್ನು ಶಾಲೆಯ ಹೆಸರಿನಲ್ಲಿ ದುಡಿಸಿದ ಮಗುವಿಗೆ ಆ ಕಲಮು ಅನ್ವಯಿಸದು. ಅವರಿಗೆ ಒಂದು ಮಾತು ಹೇಳಿಕಳುಹಿಸಿ, ಬೋಯಿಂಕಿನಲ್ಲಿ ಯೋಜನೆಯನ್ನು ತೆಗೆದುಹಾಕಲು ಕೇಳಿದರಾಯಿತು. ತೆಗೆದಾಗ ಕೀಲಿಯ ಕಡತವೂ ಅಳಿಯುತ್ತದೆ. ಅಪರಿಚಿತರ ಕೈಗೆ ಕೀಲಿ ಹೋಗಿದೆಯೆಂಬ ಸಂಶಯ ಬಲವಾಗಿದ್ದರೆ ಮಾತ್ರ ಅಂಕದ ಮೋಹ ಬಿಟ್ಟು ಹೊಸ ಖಾತೆ ತೆರೆಯಬೇಕು.

ಸೋದರಿ ಕೇಳದಿದ್ದರೂ ನಾನು ಕೇಳಬೇಕಾದ ಪ್ರಶ್ನೆಯೊಂದಿದೆ: ಶಾಲೆಯ ಯಂತ್ರಗಳನ್ನು ಹೀಗೆ ಬಳಸಲು ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಇದೆಯೇ? ಅಮೆರಿಕದ ಜಾರ್ಜಿಯಾದಲ್ಲಿ ಡಿಕಾಲ್ಬ್ ಟೆಕ್ನಿಕಲ್ ಕಾಲೇಜಿನ ನೌಕರನೊಬ್ಬ ಕಾಲೇಜಿನ ಕಂಪ್ಯೂಟರುಗಳಲ್ಲಿ ಇಂತಹದೇ ಸ್ವಯಂಸೇವಾ ತಂತ್ರಾಂಶವನ್ನು ಹಾಕಿದ್ದಕ್ಕೆ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಯಿತು. 2002ರಲ್ಲಿ ರಾಜಿಯಾದಾಗ ಆತನ ಪಾಲಿಗೆ ಬಂದದ್ದು ಒಂದು ವರ್ಷದ ನಿಗಾವಣೆ, 2,100 ಡಾಲರ್ ಮತ್ತು 80 ಗಂಟೆಗಳ ಸಮಾಜಸೇವೆ. ನಮ್ಮ ಕಾಯಿದೆಯ 43ನೇ ಕಲಮು ಕೂಡ ನೋಡುವುದು ಯಂತ್ರದ ಒಡೆಯರ ಅಥವಾ ಅದರ ಹೊಣೆ ಹೊತ್ತವರ ಅನುಮತಿಯನ್ನೇ. ನಿವೃತ್ತರಾಗುವವರ ಬಾಯಿಮಾತಿನ ಒಪ್ಪಿಗೆ ಹೊಸ ಮುಖ್ಯೋಪಾಧ್ಯಾಯರನ್ನು ಕಟ್ಟಿಹಾಕದು. ಸಂಘದ ಸಭೆಯ ನಡಾವಳಿಯಲ್ಲಿ ಒಂದು ನಿರ್ಣಯ ಬರೆದು, ಖಾತೆ ಯಾರ ವಶದಲ್ಲಿದೆಯೆಂಬುದನ್ನೂ ಅಲ್ಲಿಯೇ ನಮೂದಿಸಿರಿ. ಗುಪ್ತಪದವನ್ನು ಮಾತ್ರ ನಡಾವಳಿ ಪುಸ್ತಕದಲ್ಲಿ ಬರೆಯಬೇಡಿರಿ. ಅದನ್ನೂ ಕಂಡವನು ನಾನು.

ಮನೆಯಿಂದ ಭಾಗವಹಿಸುವ ಆಸೆಯುಳ್ಳ ಮಕ್ಕಳಿಗೆ ತಂದೆಯೋ ತಾಯಿಯೋ ತಮ್ಮ ಇಮೇಲಿನಲ್ಲಿ ಬೇರೆ ಖಾತೆ ತೆರೆದುಕೊಡಲಿ. ಎಲ್ಲರೂ ಶಾಲೆಯ ಹೆಸರಿನ ಒಂದು ‘ತಂಡ’ಕ್ಕೆ ಸೇರಿದರೆ ಅಂಕವೂ ಒಟ್ಟುಗೂಡುತ್ತದೆ, ಕೀಲಿಯೂ ಅವರವರಲ್ಲೇ ಉಳಿಯುತ್ತದೆ. ತಂಡಕ್ಕೆ ಸ್ಥಾಪಕರೆಂದು ಒಬ್ಬರು ಇರುತ್ತಾರೆ; ಈಗಿನ ಅಧ್ಯಾಪಕರೇ ಸ್ಥಾಪಕರಾಗಿದ್ದರೆ ಆ ಸ್ಥಾನವನ್ನೂ ಈಗಲೇ ಹಸ್ತಾಂತರಿಸಲಿ. ಅವರು ಹೋದ ಮೇಲೆ ಸದಸ್ಯರೊಬ್ಬರು ಕೋರಿಕೆ ಸಲ್ಲಿಸಿ, ಸ್ಥಾಪಕರ ಉತ್ತರ ಬಾರದಿದ್ದರೆ 60 ದಿನ ಕಾಯಬೇಕಾಗುತ್ತದೆ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕುಳಿತರೆ ಮುಗಿಯುವ ಕೆಲಸ, ಇಲ್ಲವಾದರೆ ಆಗಸ್ಟಿಗೆ.