ಮೂರು ಸ್ಟ್ರಿಪ್, ಒಂದೇ ಹೆಸರು

ಮಕ್ಕಳೇ, ಮಕ್ಕಳ ಪಕ್ಕ ಕೂತು ಓದಿಸಿಕೊಳ್ಳುವ ಅಜ್ಜ ಅಜ್ಜಿಯರೇ, ಈ ವಾರ ನಾನೇ ಮಾಡಿದ ಒಂದು ತಪ್ಪು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿ ಊರವರ ಲೆಕ್ಕ ತಪ್ಪದಂತೆ ನೋಡಿಕೊಂಡವನು ನಾನು. ಆದರೆ ನನ್ನ ಮೈಯ ಲೆಕ್ಕದಲ್ಲಿ ಕೂಡುವುದನ್ನೇ ಮರೆತಿದ್ದೆ. ಆ ತಪ್ಪನ್ನು ಹಿಡಿದವಳು ಏಳನೇ ತರಗತಿಯ ನನ್ನ ಮೊಮ್ಮಗಳು.

ಕಳೆದ ದಸರಾ ರಜೆಯಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ನನಗೆ ಜ್ವರ ಬಂತು. ಡಾಕ್ಟರು ನೋಡಿ, ದಿನಕ್ಕೆ ಮೂರು ಸಲದಂತೆ ಜ್ವರದ ಮಾತ್ರೆ ಬರೆದುಕೊಟ್ಟರು. ‘ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳಿದರು. ‘ಬಿ.ಪಿ. ಮಾತ್ರೆ ಒಂದೇ ಸಾರ್’ ಎಂದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುವ ಮಂಡಿನೋವಿನ ಮಾತ್ರೆ ನೆನಪಿಗೇ ಬರಲಿಲ್ಲ. ಅದು ಕಾಫಿಯ ಹಾಗೆ ಅಭ್ಯಾಸವಾಗಿಬಿಟ್ಟಿತ್ತು. ಮಾರನೆಯ ದಿನ ಮೂಗು ಸೋರತೊಡಗಿತು. ಇಷ್ಟಕ್ಕೆಲ್ಲ ಮತ್ತೆ ಡಾಕ್ಟರ ಹತ್ತಿರ ಹೋಗುವುದೇಕೆ ಎಂದು ಮೆಡಿಕಲ್ ಶಾಪಿನಲ್ಲಿ ನಾನೇ ಕೇಳಿ ಶೀತದ ಮಾತ್ರೆಯ ಒಂದು ಸ್ಟ್ರಿಪ್ ತಂದೆ.

ಐದನೆಯ ದಿನಕ್ಕೆ ಜ್ವರ ಇಳಿದಿತ್ತು. ಆದರೆ ಊಟ ಸೇರುತ್ತಿರಲಿಲ್ಲ. ಗಂಜಿ ಕುಡಿದರೂ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು. ಮಾತ್ರೆ ಹಳೆಯದೇನೋ ಎಂಬ ಅನುಮಾನ ಬಂದು, ಮಾತ್ರೆಗಳ ಡಬ್ಬಿಯನ್ನು ಮೊಮ್ಮಗಳ ಮುಂದಿಟ್ಟೆ.

‘ಇವುಗಳ ತಾರೀಖು ಮುಗಿದಿದೆಯಾ ನೋಡೇ ಪುಟ್ಟಿ. ಆ ಇರುವೆ ಅಕ್ಷರ ನನಗೆ ಕಾಣುವುದಿಲ್ಲ.’

ಅವಳು ಒಂದೊಂದಾಗಿ ಬೆಳಕಿಗೆ ಹಿಡಿದು ಓದಿದಳು.

‘ತಾರೀಖೆಲ್ಲ ಸರಿಯಾಗಿದೆ ತಾತ. ಆದರೆ ಮೂರರಲ್ಲೂ ಒಂದೇ ಹೆಸರಿದೆಯಲ್ಲ?’

‘ಮೂರೂ ಬೇರೆ ಬೇರೆ ಕಂಪನಿಯದು ಕಣೇ. ಒಂದು ಜ್ವರಕ್ಕೆ, ಒಂದು ಶೀತಕ್ಕೆ, ಇನ್ನೊಂದು ಮಂಡಿಗೆ.’

‘ಕಂಪನಿ ಇಟ್ಟ ಹೆಸರು ಬೇರೆ ಬೇರೆ. ಒಳಗೆ ಏನಿದೆ ಅಂತ ಬರೆದಿರುವ ಕಡೆ ಮೂರರಲ್ಲೂ ಪ್ಯಾರಸಿಟಮಾಲ್ ಅಂತಿದೆ, ನೀನೇ ನೋಡು.’

ಕನ್ನಡಕದ ಜೊತೆಗೆ ಭೂತಗನ್ನಡಿಯನ್ನೂ ಹಿಡಿದು ನೋಡಿದೆ. ಹೌದು! ಕೂಡಲೇ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅವಳ ಕೈಯಲ್ಲೇ ಲೆಕ್ಕ ಬರೆಸಿದೆ. ಜ್ವರದ ಮಾತ್ರೆ 650 ಮಿಲಿಗ್ರಾಂ, ದಿನಕ್ಕೆ ಮೂರು: 1,950. ಶೀತದ ಮಾತ್ರೆಯಲ್ಲಿ 500, ದಿನಕ್ಕೆ ಮೂರು: 1,500. ಮಂಡಿಯ ಮಾತ್ರೆಯಲ್ಲಿ 325, ದಿನಕ್ಕೆ ಎರಡು: 650. ಒಟ್ಟು 4,100 ಮಿಲಿಗ್ರಾಂ. ಆರೋಗ್ಯವಾಗಿರುವ ದೊಡ್ಡವರಿಗೂ 24 ಗಂಟೆಯಲ್ಲಿ 4,000 ಮಿಲಿಗ್ರಾಂ ದಾಟಬಾರದು. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ, ಊಟ ಬಿಟ್ಟವರಿಗೆ ವೈದ್ಯರು ಅದಕ್ಕಿಂತ ಕಡಿಮೆಯೇ ಹೇಳುವುದುಂಟು. ನಾನು ಈ ಮೂರೂ ಗುಂಪಿಗೆ ಸೇರಿದವನು!

ಅಂದು ರಾತ್ರಿ ಯಾವ ಮಾತ್ರೆಯನ್ನೂ ನುಂಗದೆ, ಬೆಳಗಾಗುತ್ತಲೇ ಕ್ಯಾಲೆಂಡರಿನ ಹಾಳೆಯ ಸಮೇತ ಡಾಕ್ಟರ ಬಳಿ ಹೋದೆವು. ಅವರು ಅದನ್ನು ಎರಡು ಸಲ ಓದಿ, ಮೊದಲು ಮೊಮ್ಮಗಳ ಬೆನ್ನು ತಟ್ಟಿದರು. ಆಮೇಲೆ ನನ್ನ ರಕ್ತ ಪರೀಕ್ಷೆಗೆ ಬರೆದರು. ಸಂಜೆ ವರದಿ ಬಂತು. ಎಸ್.ಜಿ.ಪಿ.ಟಿ. ಎಂಬ ಸಾಲಿನ ಎದುರು 118 ಎಂದಿತ್ತು. ಸಾಮಾನ್ಯವಾಗಿ ಅದು 40ರ ಆಸುಪಾಸಿನ ಒಳಗಿರಬೇಕು.

ಮುಂದೇನಾಯಿತು ಎಂದು ಹೇಳುವ ಮೊದಲು, ಈ ಪ್ಯಾರಸಿಟಮಾಲ್ ಎಲ್ಲಿಂದ ಬಂತು, ಈ 118 ಏನು ಹೇಳುತ್ತದೆ ಎಂಬುದನ್ನು ನೋಡೋಣ. ಆ ದಿನಗಳಲ್ಲಿ ಪುಸ್ತಕ ತಿರುವಿ ಹಾಕಿ, ಡಾಕ್ಟರನ್ನೂ ಕಾಡಿ ತಿಳಿದುಕೊಂಡ ಕತೆ ಇದು.

1886ರ ಮಾತು. ಈಗ ಫ್ರಾನ್ಸಿನಲ್ಲಿರುವ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಕಾನ್ ಮತ್ತು ಹೆಪ್ ಎಂಬ ಇಬ್ಬರು ತರುಣ ವೈದ್ಯರಿದ್ದರು. ಹೊಟ್ಟೆಯ ಹುಳಕ್ಕೆಂದು ಒಬ್ಬ ರೋಗಿಗೆ ನ್ಯಾಫ್ತಲೀನ್ ಕೊಟ್ಟರು. ಬಟ್ಟೆಯ ಬೀರುವಿನಲ್ಲಿಡುವ ನುಸಿಗುಳಿಗೆ ಇದೆಯಲ್ಲ, ಅದೇ! ಹುಳಕ್ಕೇನೂ ಆಗಲಿಲ್ಲ, ಆದರೆ ರೋಗಿಯ ಜ್ವರ ಸರ್ರನೆ ಇಳಿಯಿತು. ಆಶ್ಚರ್ಯಪಟ್ಟು ಹುಡುಕಿದರೆ, ಅವರ ಕೈಗೆ ಬಂದದ್ದು ನ್ಯಾಫ್ತಲೀನೇ ಆಗಿರಲಿಲ್ಲ. ಔಷಧಿ ಅಂಗಡಿಯವರು ತಪ್ಪಿ ಅಸಿಟಾನಿಲೈಡ್ ಎಂಬ ಬೇರೊಂದು ಪುಡಿಯನ್ನು ಕೊಟ್ಟಿದ್ದರು. ತಪ್ಪಿನಿಂದಲೇ ಹೊಸ ಜ್ವರದ ಔಷಧ ಸಿಕ್ಕಿತು.

ಆದರೆ ಆ ಔಷಧಕ್ಕೊಂದು ಕೆಟ್ಟ ಗುಣವಿತ್ತು. ಅದನ್ನು ತೆಗೆದುಕೊಂಡ ಕೆಲವರ ತುಟಿ, ಉಗುರು ನೀಲಿಗಟ್ಟುತ್ತಿದ್ದವು. ರಕ್ತ ಆಮ್ಲಜನಕವನ್ನು ಸರಿಯಾಗಿ ಹೊರಲಾರದೆ ಹಾಗಾಗುತ್ತಿತ್ತು. 1948ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಇದರ ಗುಟ್ಟು ಬಿಡಿಸಿದರು. ಅಸಿಟಾನಿಲೈಡ್ ದೇಹದೊಳಗೆ ಹೋಗಿ ಬಹುಪಾಲು ಪ್ಯಾರಸಿಟಮಾಲ್ ಆಗಿ ಬದಲಾಗುತ್ತದೆ, ಜ್ವರ ಇಳಿಸುವುದು ಅದೇ. ನೀಲಿಗಟ್ಟಿಸುವುದು ಇನ್ನೊಂದು ದಾರಿಯಲ್ಲಿ ಹುಟ್ಟುವ ಬೇರೆ ವಸ್ತು. ಹಾಗಿದ್ದರೆ ಪ್ಯಾರಸಿಟಮಾಲನ್ನೇ ನೇರವಾಗಿ ಕೊಟ್ಟರಾಯಿತಲ್ಲ! 1955ರಲ್ಲಿ ಅದು ಅಮೆರಿಕದಲ್ಲಿ ಮಕ್ಕಳ ಸಿರಪ್ ಆಗಿ, ಮರುವರ್ಷ ಬ್ರಿಟನ್ನಿನಲ್ಲಿ ಮಾತ್ರೆಯಾಗಿ ಅಂಗಡಿಗೆ ಬಂತು. ಈಗ ಜ್ವರದ ಮಾತ್ರೆ ಇಲ್ಲದ ಮನೆಯೇ ಅಪರೂಪ.

ಇಷ್ಟು ಒಳ್ಳೆಯ ಔಷಧ ಅತಿಯಾದರೆ ಲಿವರಿಗೆ, ಅಂದರೆ ಯಕೃತ್ತಿಗೆ ಪೆಟ್ಟು ಕೊಡುತ್ತದೆ ಎಂದು ಬ್ರಿಟನ್ನಿನ ವೈದ್ಯರು ಬರೆದದ್ದು 1966ರಲ್ಲಿ. ಹೇಗೆ ಎಂದು ತಿಳಿಯಲು ಇನ್ನೂ ಏಳು ವರ್ಷ ಬೇಕಾಯಿತು. 1973ರಲ್ಲಿ ಅದನ್ನು ಕಂಡುಹಿಡಿದ ಅಮೆರಿಕದ ತಂಡದಲ್ಲಿ ಅದೇ ಬ್ರೋಡಿ ಕೂಡ ಇದ್ದರು.

ಅವರು ಕಂಡದ್ದನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ನಾವು ನುಂಗಿದ ಪ್ಯಾರಸಿಟಮಾಲಿನ ಬಹುಪಾಲನ್ನು ಲಿವರು ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಆದರೆ ಒಂದು ಸಣ್ಣ ಪಾಲು ಅಲ್ಲೇ ವಿಷದ ವಸ್ತುವಾಗಿ ಬದಲಾಗುತ್ತದೆ. ಹೆದರಬೇಡಿ, ಅದನ್ನು ಹುಟ್ಟಿದಲ್ಲೇ ಹಿಡಿದು ಸುಮ್ಮನಾಗಿಸಲು ಲಿವರಿನಲ್ಲಿ ಗ್ಲುಟಾಥಯೋನ್ ಎಂಬ ವಸ್ತು ಇರುತ್ತದೆ. ಅದೇ ನಮ್ಮ ಖಾತೆಯಲ್ಲಿರುವ ಹಣ ಎಂದುಕೊಳ್ಳಿ. ಪ್ರತಿ ಮಾತ್ರೆಯೂ ಆ ಖಾತೆಯ ಮೇಲೆ ಬರೆದ ಒಂದೊಂದು ಚೆಕ್. ಹೊಟ್ಟೆ ತುಂಬ ಉಂಡು, ಮಾತ್ರೆಗಳ ನಡುವೆ ಸಾಕಷ್ಟು ಹೊತ್ತು ಬಿಟ್ಟರೆ ಖರ್ಚಾದಷ್ಟೂ ಮತ್ತೆ ಜಮಾ ಆಗುತ್ತದೆ. ಉಪವಾಸವಿದ್ದರೆ, ಮದ್ಯಪಾನದ ಚಟವಿದ್ದರೆ ಜಮಾ ಕಡಿಮೆ.

ಕಂಪ್ಯೂಟರ್ ಬರುವ ಮೊದಲು ನಾವು ಲೆಡ್ಜರಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಒಂದೇ ಖಾತೆಗೆ ಒಂದೇ ದಿನ ಮೂರು ಚೆಕ್ ಬರುವುದುಂಟು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಹಣ ಸಾಕು. ಕೂಡಿದರೆ ಸಾಲದು. ಅದಕ್ಕೇ ಒಂದನ್ನು ಪಾಸು ಮಾಡಿದ ಕೂಡಲೇ ಬಾಕಿ ಇಳಿಸಿ, ಆಮೇಲೇ ಇನ್ನೊಂದನ್ನು ಮುಟ್ಟುತ್ತಿದ್ದೆವು. ನನ್ನ ಮೂರು ಮಾತ್ರೆಗಳಲ್ಲಿ ಯಾವೊಂದೂ ಕೆಟ್ಟದ್ದಲ್ಲ. ಮೂರೂ ಒಂದೇ ಖಾತೆಯ ಚೆಕ್ಕುಗಳು ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೆ. ಕಂಪನಿಯ ಹೆಸರು ಬೇರೆಯಾದರೇನು, ಲಿವರಿಗೆ ಕಂಪನಿಯ ಹೆಸರು ಓದಲು ಬರುವುದಿಲ್ಲ. ಖಾತೆಯ ಹಣ ತೀರಿದ ಮೇಲೆ ಆ ವಿಷದ ವಸ್ತು ಲಿವರಿನ ಜೀವಕೋಶಗಳ ಮೇಲೆಯೇ ಬೀಳುತ್ತದೆ.

ಇನ್ನು 118ರ ಮಾತು. ಎಸ್.ಜಿ.ಪಿ.ಟಿ. ಎಂಬುದು ಲಿವರಿನ ಜೀವಕೋಶದೊಳಗೆ ಕೆಲಸ ಮಾಡುವ ಒಂದು ಕಿಣ್ವ. ಅದರ ಜಾಗ ಕೋಶದ ಒಳಗೆ, ರಕ್ತದಲ್ಲಿ ಅಲ್ಲ. ಬ್ಯಾಂಕಿನ ಲೆಡ್ಜರ್ ಹಾಳೆಗಳು ರಸ್ತೆಯಲ್ಲಿ ಹಾರಾಡುತ್ತಿದ್ದರೆ ನೀವೇನು ತಿಳಿಯುತ್ತೀರಿ? ಒಳಗೆ ಏನೋ ಒಡೆದಿದೆ ಎಂದು ತಾನೇ? ಒಂದೆರಡು ಹಾಳೆ ಯಾವಾಗಲೂ ಹೊರಬಂದಿರುತ್ತದೆ, ಅದು ಸಹಜ. ಹೆಚ್ಚಾದರೆ ಒಳಗೆ ಹೋಗಿ ನೋಡಬೇಕು. ಹೀಗೆ ರಕ್ತದಲ್ಲೋ ಮೂತ್ರದಲ್ಲೋ ಸಿಕ್ಕಿ ಒಳಗಿನ ಸುದ್ದಿ ಹೇಳುವ ವಸ್ತುಗಳಿಗೆ ಜೈವಿಕ ಸೂಚಕ, ಅಂದರೆ ಬಯೋಮಾರ್ಕರ್ ಎಂದು ಹೆಸರು. ಈ ಜಾತಿಯ ಕಿಣ್ವಗಳನ್ನು ರಕ್ತದಲ್ಲಿ ಅಳೆದು ರೋಗ ಗುರುತಿಸುವ ದಾರಿ ತೆರೆದದ್ದು 1954ರ ಸುಮಾರಿಗೆ, ನ್ಯೂಯಾರ್ಕಿನಲ್ಲಿ. ಮೊದಲು ನೋಡಿದ್ದು ಹೃದಯಾಘಾತವಾದವರ ರಕ್ತವನ್ನು, ಲಿವರಿನ ಸರದಿ ಆಮೇಲೆ ಬಂತು.

ಸೂಚಕಗಳು ಯಾಕೆ ಬೇಕು ಎಂದರೆ, ಲಿವರು ಮೌನಿ. ಹಲ್ಲಿನ ಹಾಗೆ ನೋವೆಂದು ಕೂಗುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಿಗೆ ಎರಡು ವಾರ ದಿನಕ್ಕೆ 4,000 ಮಿಲಿಗ್ರಾಂ ಪ್ಯಾರಸಿಟಮಾಲ್ ಕೊಟ್ಟು ನೋಡಿದರು. ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಜನರಲ್ಲಿ ಈ ಕಿಣ್ವ ಮಿತಿಯ ಮೂರು ಪಟ್ಟನ್ನು ದಾಟಿತ್ತು. ಅಷ್ಟಾದರೂ ಅವರು ಎಂದಿನಂತೆ ಓಡಾಡಿಕೊಂಡಿದ್ದರು.

ಎಸ್.ಜಿ.ಪಿ.ಟಿ.ಗೂ ಒಂದು ಕೊರತೆ ಇದೆ. ಒಟ್ಟಿಗೆ ಹೆಚ್ಚು ಔಷಧ ಒಳಗೆ ಹೋದಾಗ ಅದು ಚೆನ್ನಾಗಿ ಏರಲು ಒಂದು ದಿನವೇ ಹಿಡಿಯಬಹುದು. ಅದಕ್ಕೇ ಇನ್ನೂ ಬೇಗ ಸುದ್ದಿ ಕೊಡುವ ಸೂಚಕಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಲಿವರಿನಲ್ಲಿ ಹೇರಳವಾಗಿರುವ ಮೈಕ್ರೋ ಆರ್.ಎನ್.ಎ. 122 ಎಂಬ ಪುಟ್ಟ ಅಣು ಎಸ್.ಜಿ.ಪಿ.ಟಿ.ಗಿಂತ ಮೊದಲೇ ರಕ್ತದಲ್ಲಿ ಏರುವುದನ್ನು ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ.

ಬೇಗ ತಿಳಿದರೆ ಏನು ಲಾಭ? ಇದಕ್ಕೆ ಮದ್ದು ಇದೆ! ಗಟ್ಟಿ ಕಫವನ್ನು ತೆಳುವಾಗಿಸಲು ಕೊಡುತ್ತಿದ್ದ ಅಸಿಟೈಲ್‌ಸಿಸ್ಟೀನ್ ಎಂಬ ಹಳೆಯ ಔಷಧದಿಂದ ದೇಹ ಗ್ಲುಟಾಥಯೋನ್ ತಯಾರಿಸಿಕೊಳ್ಳಬಲ್ಲದು. ಸ್ಕಾಟ್ಲೆಂಡಿನ ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಸಂಗಡಿಗರು ಅದನ್ನು ರಕ್ತನಾಳಕ್ಕೆ ಕೊಟ್ಟು ರೋಗಿಗಳನ್ನು ಉಳಿಸಿದ್ದನ್ನು 1977ರಲ್ಲಿ ಪ್ರಕಟಿಸಿದರು. ಖಾಲಿಯಾಗುತ್ತಿರುವ ಖಾತೆಗೆ ಹಣ ಜಮಾ ಮಾಡಿದ ಹಾಗೆ. ಎಂಟು ಗಂಟೆಯೊಳಗೆ ಕೊಟ್ಟರೆ ಇದರ ಗುಣ ಅತಿ ಹೆಚ್ಚು. ಆದ್ದರಿಂದ ಯಾರಾದರೂ ತಪ್ಪಿ ಹೆಚ್ಚು ಮಾತ್ರೆ ನುಂಗಿದ್ದರೆ, ಪುಟ್ಟ ಮಗು ಸಿರಪ್ ಬಾಟಲಿ ಎತ್ತಿ ಕುಡಿದಿದ್ದರೆ, ‘ಚೆನ್ನಾಗಿಯೇ ಇದ್ದಾನಲ್ಲ, ನಾಳೆ ನೋಡೋಣ’ ಎನ್ನಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳೇ, ಬೈಸಿಕೊಳ್ಳುತ್ತೇವೆಂದು ಇಂಥದ್ದನ್ನು ಎಂದೂ ಮುಚ್ಚಿಡಬೇಡಿ.

ನನ್ನ ವಿಷಯಕ್ಕೆ ಬರೋಣ. ‘ಈ ಏರಿಕೆ ಜ್ವರ ತಂದ ವೈರಸ್‌ನಿಂದಲೂ ಆಗಿರಬಹುದು, ಮಾತ್ರೆಗಳಿಂದಲೂ ಆಗಿರಬಹುದು. ಉಳಿದ ಅಂಕಿಗಳು ಚೆನ್ನಾಗಿವೆ. ಜ್ವರ ಹೋಗಿದೆ, ಈಗ ಮೂರನ್ನೂ ನಿಲ್ಲಿಸಿ’ ಎಂದರು ಡಾಕ್ಟರು. ಬಿ.ಪಿ. ಮಾತ್ರೆಯನ್ನು ಬಿಡಕೂಡದು ಎಂದು ಒತ್ತಿ ಹೇಳಿದರು. ಒಂದು ವಾರಕ್ಕೆ 118 ಇದ್ದದ್ದು 64ಕ್ಕೆ ಇಳಿಯಿತು, ಮೂರು ವಾರಕ್ಕೆ 31. ಲಿವರು ಒಳ್ಳೆಯ ಗಿರಾಕಿ, ಸಮಯ ಕೊಟ್ಟರೆ ತನ್ನ ಸಾಲ ತಾನೇ ತೀರಿಸುತ್ತದೆ. ಆದರೆ ನಾನು ಇನ್ನೂ ಹತ್ತು ದಿನ ಹಾಗೇ ನುಂಗುತ್ತಾ ಹೋಗಿದ್ದರೆ? ಆ ರಾತ್ರಿ ನನ್ನಾಕೆಗೆ ನಿದ್ದೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬರಲಿಲ್ಲ.

ಇದನ್ನು ಓದಿ ಪ್ಯಾರಸಿಟಮಾಲ್ ಎಂದರೆ ವಿಷ ಎಂದು ಯಾರೂ ಬಾಟಲಿ ಎಸೆಯಬೇಡಿ. ಅಳತೆಯಲ್ಲಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧವೇ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮಕ್ಕಳ ಸಿರಪ್ಪಿನ ಅಳತೆ ಮಗುವಿನ ತೂಕದ ಮೇಲಿರುತ್ತದೆ. ಐದು ಎಂ.ಎಲ್.ನಲ್ಲಿ 250 ಮಿಲಿಗ್ರಾಂ ಇರುವ ಬಾಟಲಿಯೂ ಉಂಟು, ಅದರ ಅರ್ಧದಷ್ಟೇ ಇರುವುದೂ ಉಂಟು. ಹಾಗಾಗಿ ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ.

ಈ ವಾರದ ಕೆಲಸ ಇದು. ಮಕ್ಕಳೇ, ಅಜ್ಜ ಅಜ್ಜಿಯರ ಜೊತೆ ಕೂತು ಮನೆಯ ಮಾತ್ರೆ ಡಬ್ಬಿ ತೆರೆಯಿರಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕಂಪನಿ ಇಟ್ಟ ಹೆಸರು. ಎರಡನೆಯದರಲ್ಲಿ ಒಳಗಿರುವ ಔಷಧಗಳ ಹೆಸರು, ಎರಡು ಮೂರು ಇದ್ದರೆ ಅಷ್ಟನ್ನೂ ಬರೆಯಿರಿ. ಮೂರನೆಯದರಲ್ಲಿ ಎಷ್ಟು ಮಿಲಿಗ್ರಾಂ, ನಾಲ್ಕನೆಯದರಲ್ಲಿ ದಿನಕ್ಕೆ ಎಷ್ಟು ಸಲ. ಎರಡನೆಯ ಕಾಲಂನಲ್ಲಿ ಒಂದೇ ಹೆಸರು ಎರಡು ಕಡೆ ಬಂದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ನೀವೇ ಯಾವುದನ್ನೂ ನಿಲ್ಲಿಸಬೇಡಿ, ಹಾಳೆಯನ್ನು ಡಾಕ್ಟರಿಗೆ ತೋರಿಸಿ.

ಅಜ್ಜ ಅಜ್ಜಿಯರೇ, ಮುಂದಿನ ಸಲ ಡಾಕ್ಟರು ‘ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿದರೆ ನೆನಪಿನಿಂದ ಉತ್ತರ ಹೇಳಬೇಡಿ. ಆ ಹಾಳೆ ಕೊಡಿ. ನನ್ನ ಹಾಳೆ ಈಗ ಬಿ.ಪಿ. ಪುಸ್ತಕದೊಳಗೇ ಇರುತ್ತದೆ. ಅದರ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು ಮೊಮ್ಮಗಳೇ ಸಹಿ ಹಾಕಿದ್ದಾಳೆ.