ಬಾಳೆಹಣ್ಣಿನ ಒಂದು ಗ್ರಾಂ

ಬಾಳೆಹಣ್ಣು ಮೊಟ್ಟೆಗೆ ಬದಲಿಯಲ್ಲ. ಇದು ಸರ್ಕಾರಕ್ಕೂ ಗೊತ್ತು, ಬಿಸಿಯೂಟದ ಲೆಕ್ಕ ಬರೆಯುವ ಮುಖ್ಯ ಶಿಕ್ಷಕರಿಗೂ ಗೊತ್ತು. ಆದರೂ 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ದುಡ್ಡಿನಿಂದ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಎರಡು ದಿನದ ಮೊಟ್ಟೆ ಆರು ದಿನಕ್ಕೆ ಏರಿದ ಮೇಲೆ, ಮೊಟ್ಟೆ ತಿನ್ನದ ಮಗುವಿಗೆ ಆರೂ ದಿನ ಬಾಳೆಹಣ್ಣು ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಗಟ್ಟಿಯಾಗಿ ಕೂತಿದೆ. ಮೊಟ್ಟೆಯ ಪರ ಮತ್ತು ವಿರೋಧ ಬಂದ ಅಂಕಣಗಳನ್ನೆಲ್ಲ ಒಟ್ಟುಮಾಡಿದರೆ ದಪ್ಪ ಪುಸ್ತಕವೇ ಆದೀತು. ಬಾಳೆಹಣ್ಣು ಹಿಡಿದು ನಿಂತ ಮಗುವಿನ ಬಗ್ಗೆ ಅದರಲ್ಲಿ ಒಂದು ಪುಟ ಸಿಕ್ಕರೆ ಹೆಚ್ಚು.

ಲೆಕ್ಕ ತೀರಾ ಸರಳ. ಬೇಯಿಸಿದ ಒಂದು ಮೊಟ್ಟೆಯಲ್ಲಿ ಆರು ಗ್ರಾಂಗಿಂತ ತುಸು ಹೆಚ್ಚು ಪ್ರೊಟೀನ್ ಇದೆ. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು ಒಂದು ಗ್ರಾಂ. ಬಾಳೆಹಣ್ಣು ಕೆಟ್ಟದ್ದೆಂದು ಯಾರೂ ಹೇಳುತ್ತಿಲ್ಲ, ಆಟವಾಡುವ ಮಗುವಿಗೆ ಅದು ಒಳ್ಳೆಯ ಹಣ್ಣೇ. ಆದರೆ ಮೊಟ್ಟೆ ಕೊಡುವ ಕಾರಣಕ್ಕೂ ಬಾಳೆಹಣ್ಣು ಕೊಡುವ ಕಾರಣಕ್ಕೂ ಸಂಬಂಧವೇ ಇಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಪೌಷ್ಟಿಕತೆಯಲ್ಲ, ದರ. ತಲಾ ಆರು ರೂಪಾಯಿ ಎಂದು ಆದೇಶ ಹೇಳುತ್ತದೆ. ಆರು ರೂಪಾಯಿಗೆ ಯಾವ ತಕರಾರೂ ಇಲ್ಲದೆ ಅಂಗಡಿಯಲ್ಲಿ ಸಿಗುವ ವಸ್ತು ಬಾಳೆಹಣ್ಣು. ಬೇಯಿಸುವುದು ಬೇಡ, ಸುಲಿದು ಕೊಡುವುದೂ ಬೇಡ. ಹೀಗೆ ಲೆಕ್ಕಪತ್ರದಲ್ಲಿ ಸಮಾನತೆ ಬಂತು, ತಟ್ಟೆಯಲ್ಲಿ ಐದು ಗ್ರಾಂ ಕಾಣೆಯಾಯಿತು.

ಈ ಐದು ಗ್ರಾಂ ಹಿಂದೆ ಅಷ್ಟು ಪೂರ್ತಿಯಾಗಿ ಕಾಣೆಯಾಗಿರಲಿಲ್ಲ ಎಂಬುದನ್ನು ಎಲ್ಲರೂ ಮರೆತಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಮೊಟ್ಟೆ ಯೋಜನೆ 2022ರಲ್ಲಿ ಇಡೀ ರಾಜ್ಯಕ್ಕೆ ಬಂದಾಗ ಮೊಟ್ಟೆ, ಬಾಳೆಹಣ್ಣು ಅಥವಾ ನೆಲಗಡಲೆ ಚಿಕ್ಕಿ ಎಂಬ ಮೂರು ಆಯ್ಕೆಗಳಿದ್ದವು. ಮೊಟ್ಟೆಯ ಹತ್ತಿರ ಬರುವಂಥದ್ದು ಚಿಕ್ಕಿಯೊಂದೇ: ಮೂವತ್ತೈದು, ನಲವತ್ತು ಗ್ರಾಂನ ತುಂಡಿನಲ್ಲಿ ಕಡಲೆಯ ಪಾಲು ಪ್ರಾಮಾಣಿಕವಾಗಿದ್ದರೆ ಪ್ರೊಟೀನ್ ಐದು ಗ್ರಾಂ ಸುತ್ತ ಬರುತ್ತದೆ. 2025ರ ಆರಂಭದಲ್ಲಿ ಚಿಕ್ಕಿಯನ್ನು ನಿಲ್ಲಿಸಲಾಯಿತು. ಸಕ್ಕರೆ ಹೆಚ್ಚು, ಗುಣಮಟ್ಟ ಸರಿಯಿಲ್ಲ, ದಾಸ್ತಾನು ಸರಿಯಿಲ್ಲ ಎಂಬ ದೂರುಗಳಿದ್ದವು. ನಿಲ್ಲಿಸಿದ್ದು ತಪ್ಪೆಂದು ನಾನೂ ಹೇಳಲಾರೆ. ಆದರೆ ಅದರ ಜಾಗಕ್ಕೆ ಏನು ಬಂತು? ಏನೂ ಬರಲಿಲ್ಲ. ಮೂರು ಆಯ್ಕೆಯಲ್ಲಿ ಒಂದನ್ನು ತೆಗೆದರೆ ಎರಡು ಉಳಿಯುತ್ತದೆ ಎಂಬ ಗುಮಾಸ್ತನ ಗಣಿತ ಮಾತ್ರ ನಡೆಯಿತು.

ಆಗ ಯಾರು ಬೀದಿಗಿಳಿದರು? ಮಕ್ಕಳಿಗೆ ಮೊಟ್ಟೆ ಕೊಡಬಾರದೆಂದು ಹೇಳಿಕೆ ಕೊಟ್ಟ ಮಠಗಳು, ಸಂಘಟನೆಗಳು ಸಸ್ಯಾಹಾರಿ ಮಗುವಿನ ಏಕೈಕ ಕಾಳು ಹೋದಾಗ ಬಾಯಿ ಬಿಡಲಿಲ್ಲ. ಮೊಟ್ಟೆಯ ಪರ ಹೋರಾಡಿದವರಿಗೆ ಗೆದ್ದ ಸಮಾಧಾನ, ಮೊಟ್ಟೆ ತಿನ್ನದವರು ಅವರ ಪಾಲಿಗೆ ಮೇಲ್ಜಾತಿಯ ಒಂದು ಹಟ, ಅಷ್ಟೆ. ಅದೇ 2025ರ ಜುಲೈನಲ್ಲಿ ಮಂಡ್ಯದ ಆಲಕೆರೆಯಲ್ಲಿ ಶಾಲೆಯಲ್ಲಿ ಮೊಟ್ಟೆ ಬೇಯಿಸುವುದನ್ನು ವಿರೋಧಿಸಿ ಪೋಷಕರು ಮಕ್ಕಳನ್ನೇ ಬಿಡಿಸಿಕೊಂಡು ಹೋದರು. ಮೊಟ್ಟೆ ಎಲ್ಲಿ ಬೇಯಬೇಕು ಎಂಬ ಬಗ್ಗೆ ಪುಟಗಟ್ಟಲೆ ಸುದ್ದಿಯಾಯಿತು.

ನಮ್ಮ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನವರಿಗೆ ಇಂಥ ನಾಟಕ ಹೊಸದಲ್ಲ. ಕಲ್ಲಡ್ಕ ಮತ್ತು ಪುಣಚದ ಶಾಲೆಗಳ ಊಟಕ್ಕೆ ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಿಂದ ಬರುತ್ತಿದ್ದ ನೆರವನ್ನು 2017ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿದಾಗ ಮಕ್ಕಳ ಕೈಯಲ್ಲಿ ಖಾಲಿ ತಟ್ಟೆ ಕೊಟ್ಟು ಪ್ರತಿಭಟನೆ ಮಾಡಿದ್ದನ್ನು ತಾಲ್ಲೂಕು ನೋಡಿದೆ. ದೇವಸ್ಥಾನದ ದುಡ್ಡು ಯಾರಿಗೆ ಹೋಗಬೇಕು, ನಿಲ್ಲಿಸಿದವರ ಉದ್ದೇಶವೇನು, ಚುನಾವಣೆ ಎಷ್ಟು ದೂರ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಆ ತಟ್ಟೆ ತುಂಬಿದ್ದಾಗ ಅದರಲ್ಲಿ ಎಷ್ಟು ಬೇಳೆ ಇತ್ತು ಎಂಬುದು ಎರಡೂ ಕಡೆಯ ಭಾಷಣಗಳಲ್ಲಿ ಬರಲಿಲ್ಲ.

ಮೊಟ್ಟೆಯ ವಿರೋಧಿಗಳ ಮುಖ್ಯ ವಾದವೆಂದರೆ ನಮ್ಮ ಸಾಂಪ್ರದಾಯಿಕ ಸಸ್ಯಾಹಾರ ಪರಿಪೂರ್ಣ ಎಂಬುದು. ಹಾಗಾದರೆ ಈ ಸೀಮೆಯ ಮಗುವಿನ ಒಂದು ದಿನವನ್ನು ನೋಡೋಣ. ಬೆಳಗ್ಗೆ ನೀರುದೋಸೆ, ಇಲ್ಲವೇ ಪುಂಡಿ, ಇಲ್ಲವೇ ಸೇಮಿಗೆ. ಮೂರೂ ಅಕ್ಕಿ ಮತ್ತು ತೆಂಗು. ಉದ್ದು ಬೀಳುವುದು ಇಡ್ಲಿಯ ದಿನ ಮಾತ್ರ. ಜೊತೆಗೆ ಒಂದು ಲೋಟ ಚಾ. ಮೂರು ವರ್ಷದ ಮಗುವಿಗೂ ಚಾ ಕುಡಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ, ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡದ ಪೇಯ ಅದು. ಮಧ್ಯಾಹ್ನ ಶಾಲೆಯ ಅನ್ನ, ಸಾಂಬಾರು. ಸಂಜೆ ಬಿಸ್ಕತ್ತು, ಅದೃಷ್ಟವಿದ್ದರೆ ಗೋಳಿಬಜೆ, ಅದು ಮೈದಾ. ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಚಟ್ನಿ. ಹಿತ್ತಲಲ್ಲಿ ಬಸಳೆ, ಹರಿವೆ ಇದ್ದರೆ ಪುಣ್ಯ. ಇಷ್ಟರಲ್ಲಿ ಕಾಳು, ಬೇಳೆ ಎಲ್ಲಿ ಬಂತೆಂದು ಹುಡುಕಿ. ಮಧ್ಯಾಹ್ನದ ಸಾಂಬಾರಿನಲ್ಲಿ, ಅದು ಗಟ್ಟಿಯಿದ್ದರೆ.

ಇದು ಮೂಡುಬಿದಿರೆ, ವೇಣೂರಿನ ಜೈನರ ಅಥವಾ ಬ್ರಾಹ್ಮಣರ ಮನೆಯ ಮಾತು ಮಾತ್ರ ಎಂದುಕೊಂಡರೆ ತಪ್ಪು. ಮೀನು ತಿನ್ನುವ ಮನೆಯ ಪುಟ್ಟ ಮಗುವಿನ ದಿನವೂ ಬಹುಪಾಲು ಹೀಗೆಯೇ. ಮುಳ್ಳಿನ ಹೆದರಿಕೆಗೆ ಅದರ ಅನ್ನಕ್ಕೆ ಬೀಳುವುದು ಮೀನಿಗಿಂತ ಮೀನುಸಾರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಶಾಲೆ ತೆರೆಯುವ ಹೊತ್ತಿಗೆ ಬೋಟುಗಳು ದಡ ಸೇರಿರುತ್ತವೆ, ಬಿ.ಸಿ.ರೋಡಿನ ಪೇಟೆಯಲ್ಲಿ ಮೀನಿನ ದರ ಕೇಳುವಂತಿರುವುದಿಲ್ಲ. ತುಳುವರ ಆಟಿ ತಿಂಗಳಲ್ಲಿ ಪತ್ರೊಡೆ, ತಿಮರೆ ಚಟ್ನಿ, ಕಣಿಲೆ, ಹಲಸಿನ ಬೀಜ. ಸೋಮವಾರ, ಶನಿವಾರ ಮೀನು ಮುಟ್ಟದ ಮನೆಗಳು ಬೇರೆ. ಮೊಟ್ಟೆ ಎರಡೇ ದಿನ ಇದ್ದಾಗ ಆ ವಾರಗಳನ್ನು ತಪ್ಪಿಸಬಹುದಿತ್ತು. ಆರು ದಿನವಾದ ಮೇಲೆ ಆ ಎರಡು ದಿನ ಮೀನು ತಿನ್ನುವ ಮನೆಯ ಮಗುವೂ ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುವುದುಂಟು. ಹಾಗಾಗಿ 'ಸಸ್ಯಾಹಾರಿ ಮಕ್ಕಳು ಎಷ್ಟು ಜನ' ಎಂಬ ಪ್ರಶ್ನೆಯೇ ಅರ್ಧ ಸುಳ್ಳು. ಇಲ್ಲಿ ಹೆಚ್ಚುಕಡಿಮೆ ಎಲ್ಲ ಚಿಕ್ಕ ಮಕ್ಕಳೂ ವರ್ಷದ ಬಹುಪಾಲು ಗಿಡದಿಂದ ಬಂದದ್ದನ್ನೇ ತಿನ್ನುತ್ತಾರೆ. ಪ್ರಶ್ನೆ ಇರುವುದು ಗಿಡದ ಯಾವ ಭಾಗ ಎಂಬುದರಲ್ಲಿ.

ಇದಕ್ಕೂ ಒಂದು ಸಂಖ್ಯೆ ಇದೆ, ಅದನ್ನೂ ಯಾರೂ ಎತ್ತುವುದಿಲ್ಲ. ಧಾನ್ಯ, ಬೇಳೆಕಾಳು, ಹಾಲು 3:1:2.5ರ ಪ್ರಮಾಣದಲ್ಲಿದ್ದರೆ ಊಟದ ಪ್ರೊಟೀನ್ ಗುಣಮಟ್ಟ ಸುಧಾರಿಸುತ್ತದೆ ಎಂದು ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯವರೆಗೆ 100 ಗ್ರಾಂ ಅಕ್ಕಿಗೆ 20 ಗ್ರಾಂ ಬೇಳೆ, ಆರರಿಂದ ಎಂಟರವರೆಗೆ 150 ಗ್ರಾಂಗೆ 30 ಗ್ರಾಂ. ಎರಡೂ ಕಡೆ ಐದಕ್ಕೆ ಒಂದು. ದೇಶದ ಪೌಷ್ಟಿಕತೆಯ ಪ್ರಾಧಿಕಾರ ಮೂರಕ್ಕೆ ಒಂದು ಎನ್ನುತ್ತದೆ, ದೇಶದ ಅತಿ ದೊಡ್ಡ ಊಟ ಐದಕ್ಕೆ ಒಂದು ಎಂದು ಬಡಿಸುತ್ತದೆ. ಅದೂ ಆದೇಶದಲ್ಲಿರುವಷ್ಟು ಬೇಳೆ ನಿಜವಾಗಿ ಪಾತ್ರೆಗೆ ಬಿದ್ದರೆ. ಮನೆಯ ಉಳಿದೆರಡು ಊಟ ಸೇರಿಸಿದರೆ ನೀರುದೋಸೆ, ಗಂಜಿಯ ದಿನ ಹತ್ತಕ್ಕೆ ಒಂದರ ಆಸುಪಾಸಿಗೆ ಇಳಿದರೂ ಆಶ್ಚರ್ಯವಿಲ್ಲ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಕಿರಿಯ ಪ್ರಾಥಮಿಕಕ್ಕೆ ಬಿಸಿಯೂಟದ ಗುರಿ 12 ಗ್ರಾಂ ಪ್ರೊಟೀನ್. ಅಕ್ಕಿಯಿಂದ ಸುಮಾರು ಎಂಟು, ಬೇಳೆಯಿಂದ ನಾಲ್ಕೂವರೆ, ಗುರಿ ಮುಟ್ಟಿತಲ್ಲ? ಮುಟ್ಟಿತು, ಕಾಗದದ ಮೇಲೆ. ಸುಮಾರು ಮೂರನೇ ಎರಡು ಪಾಲು ಅಕ್ಕಿಯಿಂದಲೇ ಬಂದ ಪ್ರೊಟೀನನ್ನೂ ಮೊಟ್ಟೆಯ ಪ್ರೊಟೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹಾಗೆಯೇ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65.5ರಷ್ಟು ಮಂದಿ ರಕ್ತಹೀನರು. ರಕ್ತಹೀನತೆ ಅದರ ಹಿಂದಿನ ಸುತ್ತಿಗಿಂತ ಏರಿದೆ. ಕರಾವಳಿ ಮುಂದಿದೆ ಎಂಬ ಹೆಮ್ಮೆಯಲ್ಲಿ ನಾವು ಈ ಅಂಕಿಗಳನ್ನು ರಾಯಚೂರಿನವೆಂದು ಓದುತ್ತೇವೆ.

ಹಿಂದೆ ಹೀಗಿರಲಿಲ್ಲ ಎಂಬ ಹಂಬಲಿಕೆ ನನಗಿಲ್ಲ, ಹಿಂದೆ ಹಸಿವಿತ್ತು. ಆದರೆ ಒಂದು ಮಾತು ನಿಜ. ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಮೇಲೆ ಗದ್ದೆಯ ತೇವದಲ್ಲಿ ಉದ್ದು, ಹೆಸರು, ಅಲಸಂಡೆ ಬಿತ್ತುವ ಕ್ರಮ ಈ ತಾಲ್ಲೂಕುಗಳಲ್ಲಿತ್ತು. ಕೊಳಕೆಗೆ, ಅಂದರೆ ಬೇಸಿಗೆಯ ಭತ್ತಕ್ಕೆ, ನೀರಿಲ್ಲದ ಗದ್ದೆಗೂ ಹುರುಳಿ ಸಾಕಿತ್ತು. ಗದ್ದೆ ತೋಟವಾಯಿತು. ಅಡಿಕೆಗೆ ವಿಟ್ಲದಲ್ಲಿ 1956ರಿಂದ ಸಂಶೋಧನಾ ಕೇಂದ್ರವಿದೆ, ಬೆಲೆಯಿದೆ, ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯಿದೆ. ಗದ್ದೆಯ ಉದ್ದಿಗೆ ಅಂಥ ಯಾರೂ ಇರಲಿಲ್ಲ. ಅಡಿಕೆಯ ದುಡ್ಡಿನಲ್ಲಿ ಬೇಳೆ ಕೊಳ್ಳಬಹುದು ನಿಜ. ಆದರೆ ಮನೆಯಲ್ಲಿ ಮೂಟೆಯಿದ್ದಾಗ ಬೇಯುವಷ್ಟು, ಅಂಗಡಿಯಿಂದ ಕಾಲು ಕಿಲೋ ತಂದಾಗ ಬೇಯುವುದಿಲ್ಲ.

ಇನ್ನೂ ಚಿಕ್ಕವರ ವಿಷಯದಲ್ಲಿ ನಮ್ಮ ಅಜ್ಜಿಯಂದಿರು ಒಂದನ್ನು ಸರಿಯಾಗಿಯೇ ಹಿಡಿದಿದ್ದರು. ಆರು ತಿಂಗಳ ಮಗುವಿಗೆ ರಾಗಿ ಮಣ್ಣಿ. ರಾಗಿ ಬಯಲುಸೀಮೆಯದು, ಶಾಲೆಯಲ್ಲಿ ಕೊಡುವ ರಾಗಿ ಮಾಲ್ಟ್ ನಮಗೆ ಹೊರಗಿನದು ಎಂದು ಮೂಗು ಮುರಿಯುವವರು ತಮ್ಮ ಮೊದಲ ಊಟ ಯಾವುದೆಂದು ತಾಯಿಯನ್ನು ಕೇಳಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಯಾವ ಅಕ್ಕಿಯೂ ಅದರ ಹತ್ತಿರ ಸುಳಿಯದು. ಎಡವುವುದು ಮುಂದಿನ ಮೆಟ್ಟಿಲಲ್ಲಿ: ವರ್ಷ ತುಂಬಿದ ಮೇಲೆ ಗಂಜಿಯ ತಿಳಿ. ಹತ್ತು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 300 ಗ್ರಾಂನಷ್ಟು. ಅದು ಬಹುಪಾಲು ಬರೀ ತಿಳಿನೀರಾದರೆ ಮಗು ಹೊಟ್ಟೆ ತುಂಬಿ ಮಲಗುತ್ತದೆ, ಬೆಳೆಯುವುದಿಲ್ಲ. ಗಿಡದ ಊಟವನ್ನೇ ನೆಚ್ಚಿದ ಮನೆಯಲ್ಲಿ ಚಿಕ್ಕ ಮಗುವಿನ ಗಂಜಿ ಗಟ್ಟಿಯಿರಬೇಕು, ಅದಕ್ಕೆ ಹೆಸರುಬೇಳೆ ಬೆರೆಯಬೇಕು, ಮೇಲೊಂದು ಚಮಚ ತೆಂಗಿನೆಣ್ಣೆಯೋ ತುಪ್ಪವೋ ಬೀಳಬೇಕು. ಹಾಲೂ ಬೇಡವೆನ್ನುವ ಹೊಸ ಬಗೆಯ ಪೋಷಕರು ಈಗ ಮಂಗಳೂರಿನಲ್ಲಿ ಮಾತ್ರವಲ್ಲ ಮೂಡುಬಿದಿರೆಯಲ್ಲೂ ಸಿಗುತ್ತಾರೆ. ಅವರು ವಿಟಮಿನ್ ಬಿ12 ವಿಷಯದಲ್ಲಿ ವೈದ್ಯರನ್ನು ಕೇಳಲೇಬೇಕು, ಯಾವ ಸೊಪ್ಪೂ ಅದನ್ನು ಕೊಡದು. ಸಾರವರ್ಧಿತ ಅಕ್ಕಿಯಲ್ಲಿ ಬಿ12 ಇದೆಯಲ್ಲ ಎಂಬ ಸರ್ಕಾರಿ ಭರವಸೆಯನ್ನು ನೆಚ್ಚಬೇಡಿ, ಕಿಲೋ ಅಕ್ಕಿಗೆ ಒಂದು ಮೈಕ್ರೋಗ್ರಾಂ ಸುತ್ತಮುತ್ತ ಅಷ್ಟೆ. ಶಾಲೆಯ ಮಟ್ಟಿಗೆ ಬಿ12 ಕೊಡುವ ಕೆಲಸ ಮಾಡುತ್ತಿರುವುದು 2013ರಲ್ಲಿ ಬಂದ ಕ್ಷೀರಭಾಗ್ಯದ 150 ಮಿಲಿ ಹಾಲು. ಅದನ್ನು ಬರೀ ಹಾಲು ಮಹಾಮಂಡಳದ ಪುಡಿ ಖಾಲಿ ಮಾಡುವ ಯೋಜನೆ ಎಂದು ಗೇಲಿ ಮಾಡಿದವರಿದ್ದಾರೆ. ಇರಲಿ, ಲೋಟ ತುಂಬಿದೆ.

ಹಾಗಾದರೆ ಬಾಳೆಹಣ್ಣಿನ ಜಾಗದಲ್ಲಿ ಏನು? ಮೂವತ್ತು ಗ್ರಾಂ ಕಡಲೆ ಅಥವಾ ಹೆಸರುಕಾಳು, ನೆನೆಸಿ ಬೇಯಿಸಿ ಒಗ್ಗರಣೆ ಕೊಟ್ಟ ಉಸ್ಲಿ. ಕಡಲೆಯಲ್ಲಾದರೆ ಆರು ಗ್ರಾಂ ಹತ್ತಿರ, ಹೆಸರಿನಲ್ಲಾದರೆ ಅದಕ್ಕೂ ಮೇಲೆ ಪ್ರೊಟೀನ್. ಕಿಲೋಗೆ ನೂರು ರೂಪಾಯಿ ಹಿಡಿದರೂ ಕಾಳಿಗೆ ಮೂರು ರೂಪಾಯಿ; ಉಳಿದ ಮೂರರಲ್ಲಿ ತೆಂಗು, ಸಾಸಿವೆ, ಗ್ಯಾಸು. ಕಿರಿಯ ಪ್ರಾಥಮಿಕದ ತಟ್ಟೆಯ ಅನುಪಾತ ಐದಕ್ಕೆ ಒಂದರಿಂದ ಎರಡಕ್ಕೆ ಒಂದಕ್ಕೆ ಬರುತ್ತದೆ, ಮನೆಯ ಗಂಜಿಯ ಸಾಲವನ್ನೂ ಸ್ವಲ್ಪ ತೀರಿಸುತ್ತದೆ. ಪಕ್ಕದಲ್ಲಿ ಹಿತ್ತಲ ಪೇರಳೆಯ ಒಂದು ಹೋಳಿದ್ದರೆ ಅದರ ವಿಟಮಿನ್ ಸಿ ಕಾಳಿನ ಕಬ್ಬಿಣವನ್ನು ಮೈಗೆ ಸೇರಿಸುತ್ತದೆ. ಮಕ್ಕಳು ತಿನ್ನುವುದಿಲ್ಲ ಎಂಬ ನೆಪ ಈ ಊರಲ್ಲಿ ನಡೆಯದು. ಕಡ್ಲೆ-ಬಜಿಲ್ ಮಾರಿಯೇ ನಡೆಯುವ ಹೋಟೆಲುಗಳಿವೆ, ಚೌತಿಯ ಪಂಚಕಜ್ಜಾಯಕ್ಕೆ ಮಕ್ಕಳು ಎರಡನೇ ಸಲ ಕೈಯೊಡ್ಡುತ್ತಾರೆ. ಮಠಕ್ಕೂ ಮಸೀದಿಗೂ ಬಸದಿಗೂ ಬೇಯಿಸಿದ ಹೆಸರಿನಿಂದ ಮೈಲಿಗೆಯಾದ ದಾಖಲೆಯಿಲ್ಲ.

ನಿಜವಾದ ಅಡ್ಡಿ ಅಡುಗೆಮನೆಯಲ್ಲಿದೆ. ಕಾಳನ್ನು ಹಿಂದಿನ ದಿನವೇ ನೆನೆಹಾಕಬೇಕು, ಬೇರೆ ಪಾತ್ರೆ ಬೇಕು, ಹೊತ್ತು ಬೇಕು. ಮೊಟ್ಟೆಯ ಸಿಪ್ಪೆ ಸುಲಿಯಲು 30 ಪೈಸೆ ಇಟ್ಟವರು ಉಸ್ಲಿಗೂ ಅಷ್ಟನ್ನೇ ಇಟ್ಟರೆ ಅದು ಬಿಸಿಯೂಟದ ಹೆಂಗಸರಿಗೆ ಮಾಡುವ ಅನ್ಯಾಯ. ಇಂಧನವನ್ನೂ ಕೂಲಿಯನ್ನೂ ಬೇರೆಯಾಗಿಯೇ ಕೊಡಬೇಕು. ಅಂಗನವಾಡಿಯ ಪುಟ್ಟವರಿಗೆ ಇಡೀ ಕಡಲೆ ಗಂಟಲಲ್ಲಿ ಸಿಕ್ಕೀತು, ಅಲ್ಲಿ ಮೆತ್ತಗೆ ಬೆಂದ ಹೆಸರೇ ಸರಿ. ಮೊಟ್ಟೆ ತಿನ್ನುವ ಮಗುವಿನ ಮೊಟ್ಟೆಯನ್ನು ಮಾತ್ರ ಈ ನೆಪದಲ್ಲಿ ಯಾರೂ ಮುಟ್ಟಬಾರದು; ಉಸ್ಲಿ ಬಂತು, ಇನ್ನು ಮೊಟ್ಟೆ ಯಾಕೆ ಎಂದು ಮರುದಿನವೇ ಮನವಿಪತ್ರ ಹಿಡಿದು ಬರುವವರ ಮುಖ ನನಗೆ ಈಗಲೇ ಕಾಣುತ್ತಿದೆ.

ಫೌಂಡೇಷನ್ ಜೊತೆಗಿನ ಒಪ್ಪಂದ ಮೂರು ವರ್ಷದ್ದು, ಮೊತ್ತ 1,500 ಕೋಟಿ ರೂಪಾಯಿಗೂ ಮೇಲೆ. 2027ರಲ್ಲಿ ಅದು ಮತ್ತೆ ಮೇಜಿಗೆ ಬರುತ್ತದೆ. ದಕ್ಷಿಣ ಕನ್ನಡದ ಶಾಸಕರು, ಶಾಲಾಭಿವೃದ್ಧಿ ಸಮಿತಿಗಳು ಅಷ್ಟರೊಳಗೆ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಲಿ: ಮೊಟ್ಟೆ ಬೇಡವೆಂದ ಮಗುವಿಗೆ ಆ ದಿನ ಎಷ್ಟು ಗ್ರಾಂ ಪ್ರೊಟೀನ್ ಕೊಟ್ಟಿರಿ? ಉತ್ತರದಲ್ಲಿ ರೂಪಾಯಿ ಬರೆದು ಕಳಿಸಿದರೆ ಕಡತವನ್ನು ಹಿಂದಕ್ಕೆ ಕಳಿಸಲಿ.