ಮೋರ್ಯಾರ ಗುಡ್ಡದಲ್ಲಿ ಯಾರಿದ್ದಾರೆ?

ಮಕ್ಕಳೇ, ಈ ವಾರ ಕಮಲಾಪುರದ ಹುಡುಗನೊಬ್ಬ ಬರೆದಿದ್ದಾನೆ: ‘ಮುತ್ಯಾ, ರಜೆಯಲ್ಲಿ ಗಂಗಾವತಿಯ ಅತ್ತಿ ಮನೆಗೆ ಹೋಗಿದ್ದೆ. ಹಿರೇಬೆಣಕಲ್ ಗುಡ್ಡ ತೋರಿಸಿದರು. ಅಲ್ಲಿ ನಿಂತಾಗ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಅಲ್ಲಿ ದೆವ್ವ ಇರತಾವೇನ್ರಿ?’

ದೆವ್ವದ ಮಾತು ಆಮೇಲೆ. ಮೊದಲು ದಾರಿ ನೋಡೋಣ. ಕಲಬುರಗಿ ಸುತ್ತ ನಮ್ಮದು ಎರೆಮಣ್ಣಿನ ಬಯಲು. ಕಲ್ಲು ಅಂದರೆ ನಮಗೆ ಮನೆಯೊಳಗಿನ ಶಹಾಬಾದ್ ಫರಸಿ. ಜೇವರ್ಗಿ ದಾಟಿ ಶಹಾಪುರ ಬಂತೆಂದರೆ ನೆಲದ ರೂಪವೇ ಬೇರೆ. ಒಂದರ ಮೇಲೊಂದು ಪೇರಿಸಿದಂಥ ಗುಂಡುಕಲ್ಲಿನ ಗುಡ್ಡಗಳು. ಅದರಲ್ಲೊಂದು ಮಲಗಿದ ಬುದ್ಧನಂತೆ ಕಾಣುತ್ತದೆ. ಅಲ್ಲೇ ಹತ್ತಿರದ ವಿಭೂತಿಹಳ್ಳಿಯ ಹೊಲದಲ್ಲಿ ಯಾವುದೋ ಕಾಲದ ಜನ ಗುಂಡುಗಳನ್ನು ಸಾಲು ಹಿಡಿದು ಇಟ್ಟು ಹೋಗಿದ್ದಾರೆ. ಕೃಷ್ಣೆ ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಹಿರೇಬೆಣಕಲ್.

ಆ ಗುಡ್ಡದ ಮೇಲೆ ಸುಮಾರು 400 ಕಲ್ಲುಮನೆಗಳಿವೆ, ಎಲ್ಲವೂ 2,000 ವರ್ಷಕ್ಕೂ ಹಳೆಯವು. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವದರ ಮುಂಭಾಗದಲ್ಲಿ ದುಂಡನೆಯ ಕಿಂಡಿ. ನಮ್ಮ ಹುಡುಗನನ್ನು ನೋಡಿದ್ದು ಈ ಕಿಂಡಿಯೇ ಇರಬೇಕು! ಸತ್ತವರ ನೆನಪಿಗೆ ಕಟ್ಟಿದವು ಇವು ಎನ್ನುತ್ತಾರೆ ಪುರಾತತ್ವದವರು. ಊರವರು ಮಾತ್ರ ಮೋರ್ಯಾರ ಮನೆ ಅನ್ನುತ್ತಾರೆ. ಮೋರ್ಯಾರು ಗಿಡ್ಡ ಜನವಂತೆ. ಅಷ್ಟು ಗಿಡ್ಡ ಜನ ಅಷ್ಟು ದೊಡ್ಡ ಚಪ್ಪಡಿ ಹೇಗೆ ಎತ್ತಿದರೋ!

ಗುಡ್ಡದ ಬಂಡೆಗಳ ಮರೆಯಲ್ಲಿ ಕೆಂಪು ಚಿತ್ರಗಳೂ ಇವೆ: ಕುಣಿಯುವವರು, ಬೇಟೆಯವರು, ಕುದುರೆ ಸವಾರರು. ಬಣ್ಣ ಜಾಜಿನದು. ಅಜ್ಜಿಯರಿಗೆ ಜಾಜು ಗೊತ್ತು, ಗೋಡೆಗೆ ಬಳಿದ ಕೈ ಅವರದು. ಕಬ್ಬಿಣದ ಅಂಶದ ಮಣ್ಣು ಅದು, ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಮಳೆ ತಾಗದ ಕಡೆ ಬರೆದದ್ದರಿಂದ ಉಳಿಯಿತು. ಸಹಾರಾ ಮರುಭೂಮಿಯ ತಸ್ಸಿಲಿ ಬೆಟ್ಟದಲ್ಲೂ ಹೀಗೇ ದನಗಳ ಹಿಂಡಿನ ಚಿತ್ರಗಳಿವೆ. ಈಗ ಅಲ್ಲಿ ಬರೀ ಮರಳು, ಕಲ್ಲು.

ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಎತ್ತರದ ಬಂಡೆಯ ಮೇಲೆ ನಗಾರಿಯಂಥ ಒಂದು ಕಲ್ಲು. ಬಡಿದರೆ ಸದ್ದು ಒಂದು ಕಿಲೋಮೀಟರು ದೂರ ಕೇಳುತ್ತದಂತೆ. ಚಿತ್ರ ಬರೆದವರ ಭಾಷೆ ನಮಗೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆ ಸದ್ದು ಮಾತ್ರ ಅವರ ಕಿವಿಗೆ ಬಿದ್ದದ್ದೇ ಇವತ್ತಿಗೂ ಬೀಳುತ್ತದೆ.

ಹಾಗಾಗಿ ಕಮಲಾಪುರದ ಮರೀ, ದೆವ್ವ ಇಲ್ಲ. ಆದರೆ ನಿನಗೆ ಅನ್ನಿಸಿದ್ದು ಸುಳ್ಳಲ್ಲ. ಯಾರೋ ತಮ್ಮವರನ್ನು ನೆನೆದು ಅಷ್ಟು ಕಷ್ಟಪಟ್ಟ ಜಾಗ ಅದು. ಅಲ್ಲಿ ಮಾತು ತಾನಾಗಿ ತಗ್ಗುತ್ತದೆ. ಕೆಲವರು ಅಂಥ ಬಂಡೆಯ ಮೇಲೆ ತಮ್ಮ ಹೆಸರು ಗೀಚುತ್ತಾರೆ. ಫೋಟೋ ಚೆನ್ನಾಗಿ ಬರಲೆಂದು ಚಿತ್ರಕ್ಕೆ ನೀರು ಎರಚುವವರೂ ಇದ್ದಾರೆ, ಅದರಿಂದ ಬಣ್ಣ ಹಾಳಾಗುತ್ತದೆ. ಅತ್ತಿ ಜೊತೆ ಮತ್ತೆ ಹೋದಾಗ ಅಂಥವರು ಕಂಡರೆ ‘ಅಣ್ಣಾ, ಬ್ಯಾಡ್ರಿ’ ಅನ್ನು. ಸಣ್ಣವರು ಹೇಳಿದರೆ ದೊಡ್ಡವರು ನಾಚುತ್ತಾರೆ.

ಅಜ್ಜ ಅಜ್ಜಿಯರೇ, ಮೋರ್ಯಾರ ಕಥೆ ನಿಮ್ಮ ಊರಲ್ಲಿ ಹೇಗೆ ಹೇಳುತ್ತಿದ್ದರು? ಮೊಮ್ಮಕ್ಕಳ ಕೈಯಲ್ಲಿ ಬರೆಸಿ ಕಳಿಸಿ.